ಚರಟದ ಕೆಳಗಿನ ಕನ್ನಡಕ

ಚೀಲ ಬದಲಿಸಲೆಂದು ಅವಳು ಕಸ ಅದುಮುವ ಯಂತ್ರದ ಡ್ರಾಯರ್ ಎಳೆದಳು. ಅದುಮಿದ ಕಸ ಇಟ್ಟಿಗೆಯಂತೆ ಗಟ್ಟಿಯಾಗಿತ್ತು. ಬದಿಯಿಂದ ಕನ್ನಡಕದ ಕಡ್ಡಿಯೊಂದು ಹೊರಚಾಚಿತ್ತು. ಬೆಳಗಿನಿಂದ ಹುಡುಕುತ್ತಿದ್ದ ಅವಳದೇ ಕನ್ನಡಕ.

ಮರುದಿನ ಹೊಲಿಗೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಬೇಕಿತ್ತು. ಕನ್ನಡಕವಿಲ್ಲದೆ ಸೂಜಿಗೆ ದಾರವನ್ನೂ ಪೋಣಿಸಲಾರಳು.

“ಸಿಪ್ಪೆ ಜೊತೆ ನೀನೇ ಎಸೆದಿರ್ತೀಯ,” ಎಂದ ಗಂಡ. “ಇಷ್ಟು ಮರೆವು ಇಟ್ಕೊಂಡು ಕೆಲಸಕ್ಕೆ ಬೇರೆ ಹೊರಟಿದ್ದೀಯ.”

ಇದ್ದರೂ ಇರಬಹುದು ಅನ್ನಿಸಿತು. ಈ ಮನೆಯಲ್ಲಿ ತನ್ನನ್ನೇ ಶಂಕಿಸುವುದು ಅವಳಿಗೆ ರೂಢಿಯಾಗಿಹೋಗಿತ್ತು.

*

ಮಧ್ಯಾಹ್ನ ಗಂಡನ ಅಕ್ಕ ಬಂದಳು. ಪೊಲೀಸ್ ಇನ್ಸ್‌ಪೆಕ್ಟರ್. ವಾರದ ಮಟ್ಟಿಗೆ ಪರೀಕ್ಷೆಗೆಂದು ತಂದಿಟ್ಟ ಯಂತ್ರವನ್ನು ಕೊಳ್ಳುವುದೋ ಬಿಡುವುದೋ ಅಂದೇ ತೀರ್ಮಾನವಾಗಬೇಕಿತ್ತು. ತಮ್ಮ ಅವಳ ಅಭಿಪ್ರಾಯ ಕೇಳಿದ್ದ.

“ಮೊದಲು ಕನ್ನಡಕದ ಕೇಸು ಮುಗಿಸೋಣ,” ಎಂದು ಇನ್ಸ್‌ಪೆಕ್ಟರ್ ಕಸದ ಇಟ್ಟಿಗೆಯನ್ನು ಪೇಪರಿನ ಮೇಲಿಟ್ಟು ಚಾಕುವಿನಿಂದ ಸೀಳಿ, ಮೂಲೆಯಲ್ಲಿ ಕೂತಿದ್ದ ತಾಯಿಯತ್ತ ತಿರುಗಿದಳು. “ಅಮ್ಮ, ನಿಂಗೆ ಈ ಯಂತ್ರ ಕಂಡ್ರಾಗಲ್ಲ. ನಿನ್ನ ಕೆಲಸಾನಾ?”

“ಅದರ ಸದ್ದಿಗೇ ನನ್ನ ಎದೆ ಹಾರತ್ತೆ. ಸಿಟ್ಟಿದ್ರೆ ಅದನ್ನ ಮುರೀತಿದ್ದೆ, ಪಾಪದವಳ ಕನ್ನಡಕ ಯಾಕೆ ಮುರೀಲಿ?”

“ನಿನ್ನೆಯಿಂದ ನೀನು ಯಾವಾಗ ಓಡಿಸಿದೆ?” ಎಂದು ತಮ್ಮನ ಹೆಂಡತಿಯನ್ನು ಕೇಳಿದಳು.

“ರಾತ್ರಿ ಬಾಳೆಹಣ್ಣಿನ ಸಿಪ್ಪೆ ಹಾಕಿ. ಬೆಳಿಗ್ಗೆ ಸ್ನಾನ ಆದ್ಮೇಲೆ ಟೀ ಚರಟ ಹಾಕಿ. ಅಷ್ಟೇ, ಅತ್ತಿಗೆ.”

“ಸ್ನಾನಕ್ಕೆ ಹೋದಾಗ ಕನ್ನಡಕ?”

“ಕಪಾಟಿನ ಮೇಲಿಟ್ಟಿದ್ದೆ. ಹಾಗಂತ ನೆನಪು.”

“ಯಂತ್ರಕ್ಕೆ ಕೀ ಇದೆಯಲ್ಲ, ಅದು ಎಲ್ಲಿರತ್ತೆ?”

“ಇವರ ಜೇಬಲ್ಲಿ. ಕೇಳಿದಾಗ ಕೊಡ್ತಾರೆ.”

“ಯಾರದಾದ್ರೂ ಕೈ ಸಿಕ್ಕೊಂಡ್ರೆ ಅಂತ,” ಎಂದ ಗಂಡ.

*

“ಮಾಮೂಲಿ ಬುಟ್ಟೀಲಿ ಎಲ್ಲ ಕಲಸಿಹೋಗ್ತಿತ್ತು,” ಎಂದಳು ಇನ್ಸ್‌ಪೆಕ್ಟರ್. “ಇದು ಪದರ ಪದರವಾಗಿ ಇಟ್ಕೊಂಡಿದೆ. ಸಿಪ್ಪೆ ಜೊತೆ ಬಿದ್ದಿದ್ರೆ ಕನ್ನಡಕ ಸಿಪ್ಪೆಯೊಳಗೆ ಇರ್ಬೇಕಿತ್ತು. ಚರಟದ ಜೊತೆ ಆಗಿದ್ರೆ ಗಾಜಿನ ಚೂರು ಅದರಲ್ಲಿ ಬೆರೀಬೇಕಿತ್ತು. ಎರಡೂ ಇಲ್ಲ. ನಡುವೆ ಗಾಜಿನದೇ ಒಂದು ಪದರ. ಅಂದ್ರೆ ಇದೊಂದನ್ನೇ ಹಾಕಿ ಯಾರೋ ಓಡಿಸಿದ್ದಾರೆ. ಕೀ ಇದ್ದೋರು.”

“ಅವಳು ಸ್ನಾನಕ್ಕೆ ಹೋದಾಗ ಗುರ್ ಅಂದಿತ್ತು,” ಎಂದರು ತಾಯಿ, ಮಗನ ಮುಖ ನೋಡುತ್ತ.

“ಯಾಕೋ?” ಎಂದು ಅಕ್ಕ ತಮ್ಮನನ್ನು ಕೇಳಿದಳು.

“ಮನೇಲೇ ಇರ್ಲಿ ಅಂತ,” ಎಂದ ಅವನು ತಲೆ ತಗ್ಗಿಸಿ.

ಹೆಂಡತಿ ಅಳಲಿಲ್ಲ. “ಯಂತ್ರ ಬಂದಿದ್ದೂ ಅದಕ್ಕೇ, ಅತ್ತಿಗೆ. ದಿನಾ ಕಸ ಹಾಕೋಕೆ ತಿರುವಿನ ತನಕ ಹೋಗ್ತಿದ್ದೆ. ತೊಟ್ಟಿ ಎದುರಿಗೇ ಹೊಲಿಗೆ ಅಂಗಡಿ. ಅಲ್ಲೇ ಕೆಲಸ ಕೇಳಿದ್ದು. ಮನೇಲಿ ಹೇಳಿದ ಮಾರನೇ ದಿನ ಇದು ಬಂತು. ‘ಇನ್ಮೇಲೆ ವಾರಕ್ಕೊಂದ್ಸಲ ಹೋದ್ರೆ ಸಾಕು’ ಅಂದ್ರು. ಕಾಲು ನೋವು ತಪ್ಪಿತು ಅಂತ ನಾನೂ ಖುಷಿಪಟ್ಟೆ.”

“ಹಾಗಾದ್ರೆ ಇದನ್ನ ಕೊಳ್ಳೋದಾ?”

“ವಾಪಸ್ ಕಳಿಸಿ.”

ಸೀಳಿದ ಇಟ್ಟಿಗೆಯನ್ನು ಹಳೆಯ ಬುಟ್ಟಿಗೆ ಹಾಕಿ ಅವಳು ಚಪ್ಪಲಿ ಮೆಟ್ಟಿದಳು.

“ಕನ್ನಡಕದ ಅಂಗಡಿ ತೆರೆದಿರತ್ತೆ, ನಾನೂ ಬರ್ತೀನಿ,” ಎಂದಳು ಇನ್ಸ್‌ಪೆಕ್ಟರ್.

“ನೆಲದ ಮೇಲೆ ಚರಟ ಚೆಲ್ಲಿದೆ, ಒರೆಸು,” ಎಂದರು ತಾಯಿ ಮಗನಿಗೆ.

ಹೊರಗೆ ಬಂದಳು. ಬುಟ್ಟಿ ಹಿಡಿದ ತನ್ನದೇ ಬೆರಳುಗಳು ಅವಳಿಗೆ ಮಸುಕಾಗಿ ಕಂಡವು. ದೂರದ ತಿರುವು ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು.