ಮರೆಪ್ಪಜ್ಜ ಕಟ್ಟಿದ ಗೋಡೆ

ನಾನು ಮಾಡಿದ ಹನ್ನೆರಡು ಪುಟ್ಟ ರೋಬೋಟ್‌ಗಳಿಗೆ ಇರುವೆಯ ಬುದ್ಧಿ ಕೊಟ್ಟಿದ್ದೇನೆ. ಕುಸಿದ ಕಟ್ಟಡದಲ್ಲಿ ಒಂದಕ್ಕೆ ಮನುಷ್ಯನ ಉಸಿರು ಸಿಕ್ಕರೆ ಸಾಕು, ಉಳಿದವು ಅದರ ಜಾಡು ಹಿಡಿದು ಬಂದು ಸೇರುತ್ತವೆ. ಇದುವರೆಗೆ ಒಮ್ಮೆಯೂ ತಪ್ಪಿಲ್ಲ, ಹೆಮ್ಮೆಯಿಂದಲೇ ಹೇಳುತ್ತೇನೆ.

ಮಾಟುಂಗದಲ್ಲಿ ಮರುದಿನ ಕೆಡವಲಿದ್ದ ಖಾಲಿ ಚಾಳಿನಲ್ಲಿ, ಮಟಮಟ ಮಧ್ಯಾಹ್ನ, ಒಳಗೆ ಯಾರೂ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಲು ಅವನ್ನು ಬಿಟ್ಟೆ. ಬಾಗಿಲಲ್ಲಿ ಕೂತಿದ್ದ ವಾಚ್‌ಮನ್ ಮರೆಪ್ಪಜ್ಜನ ಬಳಿ ಅವನ ಉಸಿರು ಸಿಕ್ಕಿ ಅವು ಮೊದಲು ನಿಲ್ಲಬೇಕಿತ್ತು. ಆದರೆ ಅಜ್ಜನ ಕಾಲನ್ನು ಸುತ್ತಿ ಮುಂದೆ ಹೋಗಿ, ಹನ್ನೆರಡೂ ಒಳಗಿನ ಗೋಡೆಗೆ ಮುತ್ತಿಕೊಂಡವು. ಕೈಯಿಟ್ಟರೆ ಗೋಡೆ ಮೈಯಂತೆ ಬೆಚ್ಚಗಿತ್ತು.

"ಹರೇದಾಗ ಈ ಗ್ವಾಡಿ ನಾನಽ ಕಟ್ಟೀನ್ರಿ ಮೇಡಂ. ಒಳಗ ಏನೂ ಇಲ್ಲ," ಎಂದ ಅಜ್ಜ.

ಒಡೆಸಿದೆ. ನಿಜಕ್ಕೂ ಏನೂ ಇರಲಿಲ್ಲ.

ರೋಬೋಟ್‌ಗಳನ್ನು ಮತ್ತೆ ಮತ್ತೆ ಪರೀಕ್ಷಿಸಿದೆ. ನನ್ನ ಉಸಿರಿಗೆ ಓಡಿ ಬರುತ್ತವೆ. ಮರೆಪ್ಪಜ್ಜನ ಬಳಿ ಇಂದಿಗೂ ಒಂದೂ ನಿಲ್ಲುವುದಿಲ್ಲ.