ಐದು ಗೂಡು ಎತ್ತುವ ಗ್ಯಾಸ್

ನನ್ನ ಹೀಲಿಯಂ ತುಂಬಿದ ಬಲೂನಿಗೆ ಅಂತರಗಂಗೆ ಬೆಟ್ಟ ಕಟ್ಟಿದರೂ ಮೇಲೇಳುತ್ತದೆ ಎಂದು ಕೋಲಾರವಿಡೀ ಹೇಳಿಕೊಂಡು ತಿರುಗುತ್ತಿದ್ದ ಗ್ಯಾಸ್ ಅಂಗಡಿ ಮುನೇಶ್ ನಾನೇ. ಆ ಸೋಮವಾರ ಆದಿಲಕ್ಷ್ಮಿ ನಾನು ಕೊಟ್ಟಿದ್ದ ಸಿಲಿಂಡರನ್ನು ಆಟೋದಿಂದ ಅಂಗಡಿ ಮುಂದೆ ಉರುಳಿಸಿದ ಸದ್ದಿಗೆ ಮುಳಬಾಗಿಲಿನ ನಾಯಿಗಳೂ ಎದ್ದು ಬೊಗಳಿರಬೇಕು.

“ಏನ್ರೀ ಮುನೇಶ್, ಇದು ಗ್ಯಾಸಾ, ನಿಮ್ಮ ಬಾಯಿಂದ ಊದಿದ ಗಾಳೀನಾ?”

ಸುಗಟೂರಿನ ಆದಿಲಕ್ಷ್ಮಿ ಬಲೂನ್ ಡೆಕೊರೇಷನ್ ಮಾಡುವವಳು, ಒಂದು ವರ್ಷದಿಂದ ನನ್ನ ಗಿರಾಕಿ. ಸಿಟ್ಟು ಬಂದರೆ ಅವಳ ಮೂಗಿನ ತುದಿ ಕೆಂಪಾಗುತ್ತದೆ. ಕರೆಂಟ್ ಹೋದಾಗ ಆ ಬೆಳಕಲ್ಲಿ ನಾನು ಪೇಪರ್ ಓದಬಲ್ಲೆ.

“ನನ್ನ ಗ್ಯಾಸಿಗೆ ಹೆಸರಿಡ್ತೀರಾ? ತೊಂಬತ್ತೊಂಬತ್ತು ಪರ್ಸೆಂಟ್ ಪ್ಯೂರ್!” ನಾನೂ ಕೂಗಿದೆ.

“ನಿನ್ನೆ ಗೌನಿಪಲ್ಲಿ ನಾಮಕರಣದಲ್ಲಿ ಚಾವಣಿಗೆ ಬಿಟ್ಟ ಇನ್ನೂರು ಬಲೂನು, ಊಟದ ಹೊತ್ತಿಗೆ ಎಲೆ ಮೇಲೆ ಬಂದು ಕೂತ್ಕೊಂಡ್ವು! ನಾಳೆ ಮಾಲೂರಿನ ಎಂಗೇಜ್‌ಮೆಂಟೂ ಹೀಗೇ ಆದ್ರೆ ನನ್ನನ್ನ ಇನ್ಯಾರು ಕರೀತಾರೆ?”

ಚೀಲದಿಂದ ರೇಷ್ಮೆಗೂಡು ತೆಗೆದಳು. ಅವಳ ಮನೆಯಲ್ಲಿ ಹುಳು ಸಾಕುತ್ತಾರೆ. ಪ್ರತಿ ಟ್ಯಾಂಕನ್ನೂ ಅವಳು ಪರೀಕ್ಷಿಸುವುದು ಹೀಗೆ: ಒಳ್ಳೆಯ ಗ್ಯಾಸಿನ ಬಲೂನು ಐದು ಗೂಡು ಎತ್ತಬೇಕು.

“ಈ ಸಲ ಮಾತ್ರ ನಿನ್ನ ಮಾತು ನಂಬಿ ತೂಗ್ಲಿಲ್ಲ ಕಣೋ.”

‘ರೀ’ ಹೋಗಿ ‘ಕಣೋ’ ಬಂದಿತ್ತು. ಬೇರೆ ದಿನವಾಗಿದ್ದರೆ ಬೀದಿಯಲ್ಲೇ ಕುಣಿಯುತ್ತಿದ್ದೆ.

ಆ ಸಿಲಿಂಡರಿನಿಂದ ತುಂಬಿದ ಬಲೂನು ಒಂದು ಗೂಡು ಎತ್ತಿತು. ಎರಡನೆಯದಕ್ಕೆ ನನ್ನ ಚಪ್ಪಲಿಯ ಮೇಲೆ ಬಂದು ಕೂತಿತು.

“ಸೀಲ್ ಒಡೆದಿತ್ತು,” ಎಂದೆ. “ಕೊಡೋವಾಗ್ಲೇ ನೋಡ್ದೆ. ನನ್ನ ಅಂಗಡೀಲಿ ಸ್ಟಾಕ್ ಖಾಲಿ ಆಗೋದೇ ಇಲ್ಲ ಅಂತ ನಿನ್ನ ಮುಂದೆ ಕೊಚ್ಕೊಂಡಿದ್ನಲ್ಲ, ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ಅದನ್ನೇ ಕೊಟ್ಟೆ.”

“ಥೂ! ಇಲ್ಲ ಅಂದಿದ್ರೆ ‘ನಾಳೆ ಬರ್ತೀನಿ’ ಅಂತಿದ್ದೆ. ಅಷ್ಟೇ ತಾನೇ?”

ಹೊರಟೇಹೋದಳು. ನನ್ನ ಮೇಲೆ ನನಗೇ ಬಂದ ಸಿಟ್ಟಿಗೆ ಮೂರು ಊರಿನ ಅನ್ನ ಬೇಯುತ್ತಿತ್ತು. ವೇಮಗಲ್‌ನ ಗೋದಾಮಿಗೆ ಹೋಗಿ, ಜಗಳವಾಡಿ, ಸೀಲನ್ನು ಹತ್ತು ಸಲ ಮುಟ್ಟಿ ನೋಡಿ ಹೊಸ ಟ್ಯಾಂಕ್ ತಂದೆ. ಮರುದಿನ ಬೆಳಿಗ್ಗೆ ಏಳಕ್ಕೇ ಮಾಲೂರಿನ ಛತ್ರದಲ್ಲಿದ್ದೆ.

ಅವಳು ಹೊಸ ಗ್ಯಾಸಿನ ಬಲೂನಿಗೆ ಒಂದೊಂದೇ ಗೂಡು ಕಟ್ಟಿದಳು. ಐದಕ್ಕೂ ಬಲೂನು ಚಾವಣಿಯತ್ತ ಹೊರಟಿತು. ದಾರ ಹಿಡಿದೆಳೆದು, ಓರೆಗಣ್ಣಲ್ಲಿ ಕೇಳಿದಳು: “ಆರು?”

ಅರವತ್ತೂ ಎತ್ತುತ್ತೆ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿದೆ.

“ಐದೇ.”

ಆದರೂ ಆರನೆಯದನ್ನು ಕಟ್ಟಿದಳು. ಬಲೂನು ನಮ್ಮಿಬ್ಬರ ಮುಖದ ನಡುವೆ ಮೆಲ್ಲಗೆ ಇಳಿಯಿತು. ಅದರಾಚೆ ಮೂಗು ಇನ್ನೂ ಕೆಂಪಗಿತ್ತು.

“ನನ್ನ ಸಿಟ್ಟಿನ್ನೂ ಇಳಿದಿಲ್ಲ.”

“ಎಷ್ಟು ದಿನಕ್ಕಾಗುವಷ್ಟಿದೆ?”

“ಒಂದು ಜನ್ಮಕ್ಕೆ. ನನ್ನ ಕಟ್ಕೊಂಡು, ಮನೇಲೇ ಇದ್ದು ದಿನಾ ಬೈಸ್ಕೋತೀಯಾ?”

“ಹೂಂ.”

ಇಷ್ಟು ಚಿಕ್ಕ ಮಾತನ್ನು ಇಷ್ಟು ಚೆನ್ನಾಗಿ ಈ ಜಿಲ್ಲೆಯಲ್ಲಿ ನನಗಿಂತ ಮೊದಲು ಯಾರೂ ಆಡಿಲ್ಲ.