ಆತ್ಮಶಾಂತಿಗೆ ಓದಿದ ಹೆಸರು

“...ಹಾಗೂ ಹಾರೋಬೆಲೆಯ ಚೌರಪ್ಪನವರ ಮಗಳು ಫಿಲೋಮಿನಾ ಅವರ ಆತ್ಮಶಾಂತಿಗಾಗಿ ಇಂದಿನ ಬಲಿಪೂಜೆಯನ್ನು ಅರ್ಪಿಸಲಾಗುತ್ತಿದೆ.”

ಭಾನುವಾರದ ಪೂಜೆಯ ಆರಂಭದಲ್ಲಿ ಮೈಕಿನಲ್ಲಿ ಈ ಮಾತು ಬಂದಾಗ ಫಿಲೋಮಿನಾ ತಲೆಯ ಮೇಲಿನ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಕೈ ಅಲ್ಲಿಯೇ ನಿಂತುಬಿಟ್ಟಿತು.

ಸತ್ತವರ ಹೆಸರುಗಳ ನಡುವೆ ಅವಳ ಹೆಸರು!

ಅವಳೋ ಕಾಡುಗೋಡಿಯ ಚರ್ಚಿನಲ್ಲಿ, ಹೆಂಗಸರ ಸಾಲಿನಲ್ಲಿ, ಹೊಸ ರೇಷ್ಮೆ ಸೀರೆಯುಟ್ಟು ಜೀವಂತವಾಗಿ ನಿಂತಿದ್ದಳು. ಪರಮಪ್ರಸಾದ ಸ್ವೀಕರಿಸಬೇಕೆಂದು ಬೆಳಗಿನಿಂದ ಏನೂ ತಿಂದಿರಲಿಲ್ಲ. ಹೊಟ್ಟೆ ಚುರುಗುಟ್ಟುತ್ತಿತ್ತು. ಸತ್ತವರಿಗೆ ಹಸಿವಾಗುತ್ತದೆಯೇ?

‘ಬೇರೆ ಯಾರೋ ಇರಬೇಕು...’ ಎಂದುಕೊಂಡಳು. ಹಾರೋಬೆಲೆಯಲ್ಲಿ ಫಿಲೋಮಿನಾಗಳಿಗೂ ಬರವಿಲ್ಲ, ಚೌರಪ್ಪಗಳಿಗೂ ಬರವಿಲ್ಲ. ಇನ್ನೇನು ಮನಸ್ಸು ಸಮಾಧಾನವಾಗಬೇಕು, ಅಷ್ಟರಲ್ಲಿ ಓದುತ್ತಿದ್ದವನು “ಎಲ್ಲರೂ ಪ್ರಾರ್ಥಿಸೋಣ” ಎಂದ.

ಆ ದನಿ! ಹೆಸರು ಕೇಳಿದ ಗಾಬರಿಯಲ್ಲಿ ಇಷ್ಟು ಹೊತ್ತು ಅದನ್ನು ಗಮನಿಸಿಯೇ ಇರಲಿಲ್ಲ.

ಆ ದನಿಯನ್ನು ಅವಳು ಸಾವಿರ ಜನರ ಗದ್ದಲದಲ್ಲೂ ಗುರುತಿಸುತ್ತಿದ್ದಳು. ಆದರೆ ದನಿಗೆ ಒಂದು ಮುಖವಿದೆ ಎನ್ನುವುದನ್ನು ಈಗಷ್ಟೇ ನೋಡುತ್ತಿದ್ದಳು. ವಾಚನಪೀಠದ ಹಿಂದೆ ಬಿಳಿ ಅಂಗಿ ತೊಟ್ಟ, ಗಡ್ಡ ಬಿಟ್ಟ, ಕಣ್ಣು ಕೆಂಪಾಗಿದ್ದ ಒಬ್ಬ ಯುವಕ ನಿಂತಿದ್ದ.

ಇನ್ನಾಸ್.

ಕೊರೊನಾದ ಎರಡನೇ ಅಲೆಯಲ್ಲಿ ಅವಳು ಇದೇ ಕಾಡುಗೋಡಿಯ ಒಂದು ಬಾಡಿಗೆ ಕೋಣೆಯಲ್ಲಿ ಜ್ವರದಲ್ಲಿ ಒಬ್ಬಳೇ ಮಲಗಿದ್ದಳು. ಜೊತೆಯ ಹುಡುಗಿಯರು ಊರು ಸೇರಿದ್ದರು. ಚರ್ಚಿನ ಯುವಕರು ಮನೆಮನೆಗೆ ಊಟ ಮುಟ್ಟಿಸುತ್ತಿದ್ದರು. ಅವಳ ಬಾಗಿಲಿಗೆ ಬರುತ್ತಿದ್ದವನು ಇನ್ನಾಸ್. ಹೂಡಿಯ ಕಾರ್ಖಾನೆಯೊಂದರಲ್ಲಿ ಲೇತ್ ಆಪರೇಟರ್.

ಕ್ಯಾರಿಯರ್ ಇಟ್ಟು, ಬಾಗಿಲು ತಟ್ಟಿ, ಮೆಟ್ಟಿಲ ಕೆಳಗೆ ಇಳಿದು, ಕಣ್ಣಿಗೆ ಬೀಳದಂತೆ ದೂರ ನಿಲ್ಲುತ್ತಿದ್ದ. ಅವಳು ಊಟ ಒಳಗೆ ತೆಗೆದುಕೊಂಡು ಬಾಗಿಲು ಹಾಕಿದ ಮೇಲೆ ಮತ್ತೆ ಹತ್ತಿ ಬಂದು ಹೊಸ್ತಿಲಾಚೆ ಕೂರುತ್ತಿದ್ದ.

“ಅಷ್ಟೂ ತಿಂದ್ಬಿಡಿ. ನೀವು ತಿಂದಿದ್ದು ಗೊತ್ತಾದ್ಮೇಲೇ ನಾನು ಹೋಗೋದು.”

ಆಮೇಲೆ ಬಾಗಿಲ ಆಚೆ ಈಚೆ ಕೂತು ಇಬ್ಬರೂ ಜಪಮಾಲೆ ಹೇಳುತ್ತಿದ್ದರು. ಪ್ರತಿ ಪ್ರಾರ್ಥನೆಯ ಮೊದಲರ್ಧ ಅವನು, ಉಳಿದರ್ಧ ಅವಳು. ಉಸಿರು ಸಾಲದಾದಾಗ ಅವನೇ ಎರಡನ್ನೂ ಹೇಳುತ್ತಿದ್ದ. ಮುಖ ನೋಡದೆಯೇ ಅವಳಿಗೆ ಅವನ ಮೇಲೆ ಪ್ರೀತಿ ಹುಟ್ಟಿತು. ಅದನ್ನು ಹೇಳುವ ಮೊದಲೇ ಆಂಬ್ಯುಲೆನ್ಸ್ ಬಂತು.

ಆಸ್ಪತ್ರೆಯಿಂದ ಅಪ್ಪ ನೇರವಾಗಿ ಊರಿಗೆ ಕರೆದುಕೊಂಡು ಹೋದರು. ಫೋನ್ ಕಳೆದುಹೋಗಿತ್ತು, ಅದರ ಜೊತೆ ಅವನ ನಂಬರ್ ಕೂಡ. ‘ಊರಿನ ಹೆಸರು ಗೊತ್ತು, ಅಪ್ಪನ ಹೆಸರು ಗೊತ್ತು. ಬೇಕಿದ್ದರೆ ಬರುತ್ತಾನೆ’ ಎಂದು ಕಾದಳು. ಅವನು ಬರಲಿಲ್ಲ. ‘ಎಷ್ಟೋ ಮನೆಗೆ ಊಟ ಕೊಟ್ಟ. ನಾನೂ ಒಂದು ಮನೆ, ಅಷ್ಟೇ!’ ಎಂದು ಹುಡುಗಿಗೆ ರೋಷವೂ ಬಂತು. ವೈಟ್‌ಫೀಲ್ಡಿನ ಆಫೀಸಿಗೆ ಮತ್ತೆ ಬರಬೇಕಾಗಿ ಬಂದಾಗಲೂ ಬೇಕೆಂದೇ ಮಾರತಹಳ್ಳಿಯ ಕಡೆ ಮನೆ ಹಿಡಿದಳು. ಕಾಡುಗೋಡಿಯ ಚರ್ಚಿನ ಕಡೆ ಮುಖ ಹಾಕಲಿಲ್ಲ.

ಇವತ್ತು ಬಂದಿದ್ದಕ್ಕೆ ಕಾರಣ ಪಕ್ಕದಲ್ಲೇ ನಿಂತಿತ್ತು. ಲೂರ್ದಮ್ಮ... ಅವಳ ಭಾವೀ ಅತ್ತೆ.

“ಯಾಕಮ್ಮ, ಮುಖ ಬಿಳಿಚ್ಕೊಂಡಿದೆ?” ಕೀರ್ತನೆಯ ಪುಸ್ತಕದಲ್ಲಿ ಹಾಡು ಹುಡುಕುತ್ತಿದ್ದ ಲೂರ್ದಮ್ಮ ತಲೆಯೆತ್ತಿ ಪಿಸುಗುಟ್ಟಿದರು. ಸತ್ತವರ ಹೆಸರುಗಳನ್ನು ಅವರು ಕೇಳಿಸಿಕೊಂಡೇ ಇರಲಿಲ್ಲ.

“ಏನಿಲ್ಲ ಆಂಟಿ...”

“ಹಸಿವಿರ್ಬೇಕು. ಪೂಜೆ ಮುಗೀಲಿ, ಮನೇಲಿ ಇಡ್ಲಿ ಮಾಡಿಟ್ಟಿದ್ದೀನಿ.”

ಒಳ್ಳೆಯ ಹೆಂಗಸು. ಮಗ ಆರೋಗ್ಯರಾಜ್ ಕುವೈತಿನಲ್ಲಿದ್ದ. ವೀಡಿಯೊ ಕಾಲಿನಲ್ಲಿ ಮಾತಾಡಿದಾಗಲೆಲ್ಲ ಅವನು ಕೇಳುತ್ತಿದ್ದುದು ಒಂದೇ, “ಅಮ್ಮನ್ನ ನೋಡ್ಕೋತೀರಾ?” ಫಿಲೋಮಿನಾ ಹೂಂ ಎಂದಿದ್ದಳು. ಅಪ್ಪನ ಮುಖ ನೋಡಿ ಮದುವೆಗೂ ಹೂಂ ಎಂದಿದ್ದಳು. ಕಥೋಲಿಕರಲ್ಲಿ ಮದುವೆಗೆ ಮೊದಲು ಮೂರು ಭಾನುವಾರ ವಧೂವರರ ಹೆಸರನ್ನು ಚರ್ಚಿನಲ್ಲಿ ಓದುತ್ತಾರೆ. ಅಡ್ಡಿ ಗೊತ್ತಿದ್ದವರು ಬಂದು ಹೇಳಬೇಕು. ಇವತ್ತು ಮೊದಲನೆಯ ಪ್ರಕಟಣೆ.

ಆಗ ಅವಳಿಗೆ ಹೊಳೆಯಿತು.

ಪೂಜೆಯ ಕೊನೆಗೆ ಪ್ರಕಟಣೆ ಓದುವವನೂ ಅವನೇ!

ಪ್ರಕಟಣೆಯ ಹಾಳೆಯನ್ನು ಮೊದಲೇ ಓದಿಕೊಂಡು ಬನ್ನಿ ಎಂದು ಫಾದರ್ ಎಷ್ಟು ಹೇಳಿದರೂ ಕೇಳುವವರು ಯಾರು? ಅದರಲ್ಲೂ ಇವತ್ತು ಇನ್ನಾಸ್‌ಗೆ ಒಂದೇ ಒಂದು ಹೆಸರು ಓದುವುದೇ ಸಾಕಾಗಿತ್ತು.

‘ನಾನು ಸತ್ತಿದ್ದೇನೆ ಅಂತ ಯಾರು ಹೇಳಿದರು ಇವನಿಗೆ? ಅದಕ್ಕೇ ಬರಲಿಲ್ಲವೇ? ಮರೆತಿದ್ದಲ್ಲವೇ?’

ಉಪದೇಶವಾಯಿತು. ಕಾಣಿಕೆಯಾಯಿತು. ಅವಳ ಕಿವಿಗೆ ಒಂದೂ ಬೀಳಲಿಲ್ಲ. ಪರಮಪ್ರಸಾದದ ಸಾಲಿನಲ್ಲಿ ಅವನ ಹತ್ತಿರ ಹಾದುಹೋಗುವಾಗ ಹೆಸರು ಹಿಡಿದು ಕರೆಯಬೇಕು, ಮೊದಲೇ ಎಚ್ಚರಿಸಬೇಕು ಎಂದುಕೊಂಡಳು. ಅವನು ಪೀಠದ ಪಕ್ಕ ಕಣ್ಣು ಮುಚ್ಚಿ, ಕೈಮುಗಿದು ನಿಂತಿದ್ದ. ಅವಳ ಆತ್ಮಕ್ಕಾಗಿಯೇ ಬೇಡುತ್ತಿದ್ದ. ಆ ಪ್ರಾರ್ಥನೆಯ ನಡುವೆ ಹೇಗೆ ಕರೆಯುವುದು? ಸಾಲು ಅವಳನ್ನು ಮುಂದಕ್ಕೆ ತಳ್ಳಿಕೊಂಡು ಹೋಯಿತು.

ಎಲ್ಲರೂ ಕೂತರು. ಇನ್ನಾಸ್ ಮೈಕಿನ ಮುಂದೆ ಬಂದ.

“ವಿವಾಹ ಪ್ರಕಟಣೆ. ಮೊದಲನೆಯ ಬಾರಿ. ಕಾಡುಗೋಡಿಯ ದಿವಂಗತ ಬಾಲಪ್ಪ ಮತ್ತು ಲೂರ್ದಮ್ಮನವರ ಮಗ ಆರೋಗ್ಯರಾಜ್ ಹಾಗೂ... ಹಾರೋಬೆಲೆಯ ಚೌರಪ್ಪ ಮತ್ತು ಸಗಾಯಮ್ಮನವರ ಮಗಳು...”

ದನಿ ನಿಂತುಹೋಯಿತು.

ಜನ ತಲೆಯೆತ್ತಿ ನೋಡಿದರು. ಮೈಕ್ ಕೆಟ್ಟಿದೆ ಎಂದುಕೊಂಡು ಯಾರೋ ಸ್ವಿಚ್ಚಿನ ಕಡೆ ಹೋದರು. ಇನ್ನಾಸ್ ಹಾಳೆಯನ್ನು ಮತ್ತೆ ಓದಿದ, ಮಗುಚಿ ನೋಡಿದ, ಮತ್ತೆ ಓದಿದ.

“ಓದಪ್ಪ,” ಕುರ್ಚಿಯಲ್ಲಿ ಕೂತಿದ್ದ ಫಾದರ್ ಜ್ಞಾನಪ್ರಕಾಶ್ ಮೆಲ್ಲಗೆ ಹೇಳಿದರು.

“ಫಾದರ್... ಈ ಹುಡುಗಿ ತೀರ್ಕೊಂಡಿದ್ದಾರೆ.”

ಅವನು ಫಾದರಿಗಷ್ಟೇ ಹೇಳಿದ್ದ. ಮೈಕ್ ಅದನ್ನು ಚರ್ಚಿಗೆಲ್ಲ ಹೇಳಿಬಿಟ್ಟಿತು.

ಲೂರ್ದಮ್ಮನ ಕೈಯಿಂದ ಕೀರ್ತನೆಯ ಪುಸ್ತಕ ಜಾರಿ ಬಿತ್ತು. ಅವರು ಪಕ್ಕಕ್ಕೆ ತಿರುಗಿ ಸೊಸೆಯಾಗಲಿರುವವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

ಫಿಲೋಮಿನಾ ಎದ್ದು ನಿಂತಳು.

“ಇಲ್ಲ ಇನ್ನಾಸ್. ನಾನು ಇಲ್ಲೇ ಇದ್ದೀನಿ.”

ಅವನು ಮುಖ ನೋಡಿ ಗುರುತಿಸಲಿಲ್ಲ. ನೋಡಿದ್ದರೆ ತಾನೇ? ದನಿ ಕೇಳಿ ಗುರುತಿಸಿದ. ವಾಚನಪೀಠವನ್ನು ಎರಡೂ ಕೈಯಿಂದ ಹಿಡಿದುಕೊಂಡ. ಮೈಕಿನಲ್ಲಿ ಅವನ ಉಸಿರಾಟ ಮಾತ್ರ ಕೇಳುತ್ತಿತ್ತು.

ಫಾದರ್ ಎದ್ದು ಬಂದು ಮೈಕ್ ಆರಿಸಿದರು. ಏನೂ ಆಗದವರಂತೆ ಆಶೀರ್ವಾದ ಕೊಟ್ಟು ಪೂಜೆ ಮುಗಿಸಿದರು. ಕೊನೆಯ ಹಾಡನ್ನು ಮಾತ್ರ ಯಾರೂ ನೆಟ್ಟಗೆ ಹಾಡಲಿಲ್ಲ. ಎಲ್ಲರ ಕುತ್ತಿಗೆಯೂ ಹಿಂದಕ್ಕೆ ತಿರುಗಿತ್ತು.

*

ಚರ್ಚಿನ ಪಕ್ಕದಲ್ಲಿ ಫಾದರ್ ವಾಸವಿದ್ದ ಗುರುಮನೆಯ ಕೋಣೆಯಲ್ಲಿ ಫಾದರ್, ಲೂರ್ದಮ್ಮ, ಫಿಲೋಮಿನಾ, ಇನ್ನಾಸ್ ನಾಲ್ವರೂ ಕೂತರು. ಇನ್ನಾಸ್ ನೆಲ ನೋಡುತ್ತಿದ್ದ. ಅವಳ ಕಡೆ ಕಣ್ಣೆತ್ತುವ ಧೈರ್ಯ ಅವನಿಗಿರಲಿಲ್ಲ. ಕಣ್ಣೆತ್ತಿದರೆ ಅವಳು ಮಾಯವಾಗಿಬಿಟ್ಟರೆ ಎಂಬ ಭಯ.

“ಹೇಳು ಇನ್ನಾಸ್. ಯಾರು ಹೇಳಿದ್ದು ನಿಂಗೆ?” ಫಾದರ್ ಕೇಳಿದರು.

“ಆಸ್ಪತ್ರೆಯಿಂದಾನೇ ಫಾದರ್. ದಿನಾ ಇವರಿಗೆ ಫೋನ್ ಮಾಡ್ತಿದ್ದೆ, ಎತ್ತುತ್ತಿರ್ಲಿಲ್ಲ. ಒಂದಿನ ನರ್ಸ್ ಒಬ್ರು ಎತ್ತಿದ್ರು. ಈ ಬೆಡ್ಡಿನ ಪೇಷಂಟ್ ಬೆಳಗ್ಗೆ ತೀರ್ಕೊಂಡ್ರು, ದಿಂಬಿನ ಕೆಳಗೆ ಫೋನ್ ಇತ್ತು ಅಂದ್ರು. ಓಡ್ಹೋದೆ. ಗೇಟಿನ ಒಳಗೂ ಬಿಡ್ಲಿಲ್ಲ. ಬಾಡಿ ಆಗ್ಲೇ ಮಣ್ಣು ಮಾಡೋಕೆ ಹೋಗಿದೆ ಅಂದ್ರು.”

ಫಿಲೋಮಿನಾ ಬಾಯಿಗೆ ಸೆರಗು ಒತ್ತಿಕೊಂಡಳು.

“ನನ್ನನ್ನ ಹಿಂದಿನ ದಿನವೇ ಐಸಿಯುಗೆ ಹಾಕಿದ್ರು... ಎಚ್ಚರ ಇರ್ಲಿಲ್ಲ. ಫೋನ್ ಅಲ್ಲೇ ಉಳೀತು. ಆ ಬೆಡ್ಡಿಗೆ ಬೇರೆ ಯಾರನ್ನೋ ಮಲಗಿಸಿರ್ಬೇಕು.”

ಆ ಬೇರೆ ಯಾರೋ ಯಾರು? ಯಾರ ಮಗಳು, ಯಾರ ತಾಯಿ?

“ಹಾಗಾದ್ರೆ ಇಷ್ಟು ವರ್ಷ ನೀನು ಮಾಡಿಸಿದ ಪೂಜೆ ಆ ಜೀವಕ್ಕೆ ಸೇರಿದೆ,” ಫಾದರ್ ಶಿಲುಬೆಯ ಗುರುತು ಹಾಕಿಕೊಂಡರು. “ಅವರಿಗೆ ಬೇರೆ ಯಾರಿದ್ರೋ ಇಲ್ವೋ. ದೇವರ ಹತ್ರ ಯಾವ ಪ್ರಾರ್ಥನೆಯೂ ದಂಡ ಆಗಲ್ಲ.”

“ಊರಿಗೆ ಒಂದು ಸಲ ಬರ್ಬಾರ್ದಿತ್ತಾ?” ಫಿಲೋಮಿನಾಳ ದನಿ ಒಡೆಯಿತು. “ನಮ್ಮಪ್ಪನ್ನ ಕೇಳ್ಬಾರ್ದಿತ್ತಾ?”

“ಏನಂತ ಬರ್ಲಿ? ನಿಮ್ಮ ಮಗಳನ್ನ ಒಂದ್ಸಲನೂ ನೋಡಿಲ್ಲ, ಆದ್ರೆ ಅಳ್ತಾ ಇದ್ದೀನಿ ಅಂತ್ಲಾ?” ಅವನು ಮೊದಲ ಬಾರಿ ಗಟ್ಟಿಯಾಗಿ ಮಾತಾಡಿದ್ದ. “ಆಂಬ್ಯುಲೆನ್ಸ್ ಬಂದಾಗ ಜೊತೆಗಾದ್ರೂ ಇರ್ಬೇಕಿತ್ತು. ಅದೂ ಆಗ್ಲಿಲ್ಲ. ಅವತ್ತು ನಾನು ಈ ಅಮ್ಮನ ಯಜಮಾನ್ರನ್ನ ಮಣ್ಣು ಮಾಡೋಕೆ ಹೋಗಿದ್ದೆ.”

ಲೂರ್ದಮ್ಮ ತಟ್ಟನೆ ತಲೆಯೆತ್ತಿದರು.

“ಅವತ್ತಾ?”

ಅವರಿಗೆ ಆ ದಿನ ಚೆನ್ನಾಗಿ ನೆನಪಿತ್ತು. ಸ್ವಂತ ಮೈದುನ ಬಾಗಿಲು ತೆಗೆದಿರಲಿಲ್ಲ. ಮಗನಿಗೆ ವಿಮಾನವಿರಲಿಲ್ಲ. ಚರ್ಚಿನ ಹುಡುಗರು ಪ್ಲಾಸ್ಟಿಕ್ ಅಂಗಿ ತೊಟ್ಟು ಬಂದು ಬಾಲಪ್ಪನವರನ್ನು ಹೊತ್ತುಕೊಂಡು ಹೋಗಿದ್ದರು. ಯಾರ ಮುಖವೂ ಕಂಡಿರಲಿಲ್ಲ.

ಇನ್ನಾಸ್ ಎದ್ದು ನಿಂತ.

“ತಪ್ಪು ನಂದು ಫಾದರ್. ಸರಿಯಾಗಿ ವಿಚಾರಿಸ್ಲಿಲ್ಲ. ಎಲ್ಲರ ಮುಂದೆ ಇವರ ಮದ್ವೆ ಕೆಡಿಸ್ದೆ. ಮುಂದಿನ ಭಾನುವಾರ ನಾನೇ ಸರಿಯಾಗಿ ಓದ್ತೀನಿ. ಯಾವ ಅಡ್ಡಿನೂ ಇಲ್ಲ.”

ಫಿಲೋಮಿನಾಳಿಗೆ ಕಪಾಳಕ್ಕೆ ಹೊಡೆದಂತಾಯಿತು. ಒಮ್ಮೆ ಅವಳನ್ನು ಮಣ್ಣಿಗೆ ಕೊಟ್ಟಿದ್ದ. ಈಗ ಕುವೈತಿಗೆ ಕೊಡಲು ಹೊರಟಿದ್ದಾನೆ!

“ಕೂತ್ಕೋ,” ಎಂದರು ಫಾದರ್. “ಅಡ್ಡಿ ಇದೆಯಾ ಇಲ್ವಾ ಅಂತ ನೀನು ಹೇಳೋದಲ್ಲ. ಮಗಳೇ, ನಿನ್ನನ್ನ ಒಂದೇ ಮಾತು ಕೇಳ್ತೀನಿ. ಈ ಮದುವೆಗೆ ಒಪ್ಪಿದ್ದು ನೀನಾ? ನಿನ್ನ ಮನಸ್ಸಾ? ಒಪ್ಪಿಗೆ ಇಲ್ದೆ ಪೀಠದ ಮುಂದೆ ನಿಂತ್ರೆ ಅದು ಮದುವೆಯೇ ಅಲ್ಲ.”

ಅವಳು ಲೂರ್ದಮ್ಮನ ಕಡೆ ನೋಡಿದಳು. ಈ ಹೆಂಗಸು ಅವಳಿಗಾಗಿ ಇಡ್ಲಿ ಮಾಡಿಟ್ಟು ಬಂದಿದ್ದರು. ಊರಿನಲ್ಲಿ ಅಪ್ಪ ಈ ಹೊತ್ತಿಗೆ ಚರ್ಚಿನ ಮುಂದೆ ನಿಂತು ಮಗಳ ಮದುವೆಯ ವಿಷಯ ಹೇಳಿಕೊಳ್ಳುತ್ತಿರುತ್ತಾರೆ. ಹೂಂ ಎನ್ನುವುದು ಎಷ್ಟು ಸುಲಭ! ಒಂದು ಹೂಂ ಅಂದರೆ ಯಾರಿಗೂ ನೋವಿಲ್ಲ... ಅವಳೊಬ್ಬಳನ್ನು ಬಿಟ್ಟು.

“ಇಲ್ಲ ಫಾದರ್,” ಎಂದಳು. ಕಣ್ಣೀರು ಧಾರೆಯಾಗಿ ಇಳಿಯಿತು. “ಅಪ್ಪನಿಗೋಸ್ಕರ ಒಪ್ಕೊಂಡೆ, ಇವರು ನನ್ನ ಮರೆತುಬಿಟ್ರು ಅನ್ನೋ ಸಿಟ್ಟಿಗೂ ಒಪ್ಕೊಂಡೆ. ಆಂಟಿ, ನಿಮ್ಮ ಮಗ ಒಳ್ಳೆಯವರು. ಅವರಿಗೆ ಮೋಸ ಮಾಡ್ಬಾರ್ದು ಅಂತ ಈಗ್ಲೇ ಹೇಳ್ತಿದ್ದೀನಿ. ನನ್ನ ಮನಸ್ಸು ಬಹಳ ಹಿಂದೇನೇ ಇವರ ಹತ್ರ ಹೋಗಿದೆ.”



ಲೂರ್ದಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ಅವರ ಗಲ್ಲ ಅದುರುತ್ತಿತ್ತು.

“ನನ್ನ ಮಗನಿಗೆ ಏನಂತ ಹೇಳ್ಲಿ ನಾನು?” ಎಂದರು. “ಜನ ಆಗ್ಲೇ ಗೇಟಿನ ಹತ್ರ ನಿಂತು ಮಾತಾಡ್ತಿರ್ತಾರೆ. ಸಿಟ್ಟು ಬಂದಿದೆ ಕಣಮ್ಮ ನನಗೆ. ತುಂಬಾ ಸಿಟ್ಟು ಬಂದಿದೆ.”

“ಕ್ಷಮಿಸಿ ಆಂಟಿ...”

“ಆದ್ರೆ ಮನಸ್ಸಿಲ್ಲದ ಸೊಸೇನ ಮನೆಗೆ ಕರ್ಕೊಂಡ್ಹೋಗಿ ಏನ್ ಮಾಡ್ಲಿ? ನನ್ನ ಮಗ ಯಾರಿಗೂ ಕಡಿಮೆ ಇಲ್ಲ. ಅವನಿಗೂ ಇಷ್ಟಪಟ್ಟು ಬರೋಳು ಬೇಕು.” ಅವರು ಎದ್ದು ಇನ್ನಾಸ್‌ನ ಮುಂದೆ ನಿಂತರು. “ಋಣ ತೀರಿಸೋಕೆ ಈ ಮಾತು ಹೇಳ್ತಿಲ್ಲ, ತಿಳ್ಕೋ. ನಮ್ಮೆಜಮಾನ್ರನ್ನ ಇಳಿಸೋವಾಗ... ಮೆಲ್ಲಗೆ ಇಳಿಸಿದ್ಯಾ?”

“ಹೂಂ ಅಮ್ಮ. ಪೂರ್ತಿ ಪ್ರಾರ್ಥನೆ ಹೇಳಿದ್ವಿ. ಅವಸರ ಮಾಡ್ಲಿಲ್ಲ.”

ಅವರು ಅವನ ತಲೆಯ ಮೇಲೆ ಒಂದು ಗಳಿಗೆ ಕೈಯಿಟ್ಟರು. “ಮುಂದಿನ ವಾರ ಓದ್ಬೇಡಿ ಫಾದರ್,” ಎಂದು ಹೇಳಿ ಹೊರಟರು. ಬಾಗಿಲಲ್ಲಿ ನಿಂತು, “ಸ್ವಲ್ಪ ದಿನ ಇಬ್ರೂ ನನ್ನ ಕಣ್ಣಿಗೆ ಬೀಳ್ಬೇಡಿ,” ಎಂದರು. ಆಮೇಲೆ ಕಣ್ಣೊರೆಸಿಕೊಂಡು ಹೋದರು.

*

ಚರ್ಚಿನ ಅಂಗಳದಲ್ಲಿ, ಮಾತೆಯ ಮೂರ್ತಿಯಿರುವ ಗವಿಯ ಮುಂದಿನ ಕಲ್ಲುಬೆಂಚಿನಲ್ಲಿ ಇಬ್ಬರೂ ಕೂತರು. ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದರು. ಇಂಗ್ಲಿಷ್ ಪೂಜೆಗೆ ಜನ ಬರತೊಡಗಿದ್ದರು. ಆಚೆ ಮೆಟ್ರೋ ಗಡಗಡ ಸಾಗಿತು.

“ಅಪ್ಪನಿಗೆ ನಾನೇ ಫೋನ್ ಮಾಡಿ ಹೇಳ್ತೀನಿ,” ಎಂದಳು. “ಬೈತಾರೆ.”

“ನಾನೂ ಬರ್ತೀನಿ ಊರಿಗೆ. ಬೈಸ್ಕೊಳ್ಳೋಕೆ.”

ಅವಳಿಗೆ ಅಳುವಿನ ನಡುವೆಯೂ ನಗು ಬಂತು. ಅವನು ಇನ್ನೂ ನೆಲವನ್ನೇ ನೋಡುತ್ತಿದ್ದ.

“ಇಷ್ಟು ವರ್ಷ ಆ ಸತ್ತ ಫಿಲೋಮಿನಾ ಹತ್ರ ಮಾತಾಡ್ತಿದ್ರಾ?”

“ದಿನಾ. ಪ್ರಾರ್ಥನೆ ಮುಗಿಸಿ ಎಲ್ಲಾ ಹೇಳ್ತಿದ್ದೆ. ಕಾರ್ಖಾನೆ ಗಲಾಟೆ, ಅಮ್ಮನ ಮಂಡಿ ನೋವು... ಮದ್ವೆ ಮಾಡ್ಕೋ ಅಂತ ಮನೇಲಿ ಹಿಂಸೆ ಮಾಡಿದ್ದು.”

“ಯಾಕೆ ಮಾಡ್ಕೊಳ್ಳಲಿಲ್ಲ?”

“ಪ್ರೀತಿ ಮಾಡ್ತಿದ್ದೆ ನಿಮ್ಮನ್ನ. ನೀವಿಲ್ಲ ಅಂತ ಗೊತ್ತಾದ್ಮೇಲೂ ಅದು ನಿಲ್ಲಲಿಲ್ಲ. ಈಗ ಬದುಕಿರೋ ನಿಮ್ಮ ಹತ್ರ ಹೇಗೆ ಮಾತಾಡೋದು ಅಂತ ಗೊತ್ತಾಗ್ತಿಲ್ಲ.”

ಅವಳು ನಡುವಿನ ಜಾಗ ದಾಟಿ ಹತ್ತಿರ ಸರಿದು ಕೂತಳು.

“ಅವಳ ಹತ್ರ ಏನಾದ್ರೂ ಕೇಳ್ತಿದ್ರಾ?”

“ಒಂದೇ. ಒಂದ್ಸಲ ನಿಮ್ಮ ಮುಖ ನೋಡ್ಬೇಕಿತ್ತು ಅಂತ.”

“ಮತ್ತೆ ನೆಲ ಯಾಕೆ ನೋಡ್ತಿದ್ದೀರಾ? ಇಲ್ಲಿ ನೋಡಿ.”

ಇನ್ನಾಸ್ ತಲೆಯೆತ್ತಿದ. ಅತ್ತು ಕೆಂಪಾದ ಮೂಗು, ಕಲಸಿಹೋದ ಕಾಡಿಗೆ, ತಲೆಯಿಂದ ಜಾರಿದ ಸೆರಗು... ಅವನು ನೋಡುತ್ತಲೇ ಇದ್ದ. ಅವನ ಕಣ್ಣು ತುಂಬಿ ಹರಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ.

ಫಿಲೋಮಿನಾಳ ಕೆನ್ನೆ ಬಿಸಿಯಾಯಿತು.

“ಸಾಕಾ?” ಎಂದಳು ಮೆಲ್ಲಗೆ.

“ಇಲ್ಲ,” ಎಂದ ಅವನು.